ಕಂಬಳಿ ಮ್ಯಾಲ ಕುಂತು ಆಡದ ಮಾತು

ನಿನ್ನೆ ಬಿಸಲು ಚಲೋ ಬಿದ್ದೈತಂತ ಟ್ರಂಕಿನ್ಯಾಗಿನ ಅರಿವಿ ಎಲ್ಲಾ ಹೊರಗ ಹಾಕಿದೆ. ತಳದಾಗಿಂದ ಕಲ್ಲಪ್ಪ ಕಾಕಾನ ಕರೀ ಕಂಬಳಿ ಬಂತು. ಕುರಿ ಉಣ್ಣೆಯ ವಾಸನಿ ಮೂಗಿಗೆ ಬಡಿಯೂದಕ್ಕೂ ರೇಡಿಯೋದವರ ಫೋನ್ ಬರೂದಕ್ಕೂ ಸರಿಹೋತು. "ಸರ್, ಗಡಿಯಲ್ಲಿ ಮತ್ತೆ ಗದ್ದಲ ಶುರುವಾಗಿದೆಯಲ್ಲ, ನೇರ ಚರ್ಚೆ ಇಟ್ಟುಕೊಂಡಿದ್ದೇವೆ. ಹೋದ ಸಲದ ಹಾಗೆ ಖಡಕ್ ಆಗಿ ಮಾತಾಡಬೇಕು" ಅಂದ ನಿರೂಪಕ. ಹೋದ ಸಲದಂಗ! ನನ್ನ ಮೈ ಉರದು ಹೋತು. ಹತ್ತು ನಿಮಿಷ ಬಿಟ್ಟು ಹಚ್ಚರಿ ಅಂತ ಫೋನ್ ಕುಕ್ಕಿದೆ.

ಸಿಟ್ಟು ಯಾರ ಮ್ಯಾಲ ಅಂತ ಕೇಳ್ತೀರಿ? ತಡೀರಿ, ಹೇಳ್ತೇನಿ.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ನಮ್ಮೂರು ಘೋಡಗೇರ್ಯಾಗ ಅವಂದು ಒಂದು ತುಂಡು ಹೊಲ, ಒಂದು ಹಿಂಡು ಕುರಿ, ಒಂದು ರೇಡಿಯೋ. ಸಂಜಿ ವಾರ್ತೆ ಮುಗದಕೂಡ್ಲೆ ಅಂಗಳದಾಗ ಕಂಬಳಿ ಹಾಸಾಂವ. ಅದರ ಮ್ಯಾಲ ಕುಂತಾಂವ ಮಾತಾಡಬೇಕು, ಅಂವ ಎದ್ದ ಮ್ಯಾಲನ ಮತ್ತೊಬ್ಬನ ಪಾಳಿ. ನಡುವ ಬಾಯಿ ಹಾಕಿದವಗ ಅವತ್ತಿನ ಚಹಾ ಬಂದ್. ಕಂಬಳಿ ನಮಗ ದೇವರ ಸಮಾನ, ಅದರ ಮ್ಯಾಲ ಕುಂತು ಸುಳ್ಳ ಹೇಳೂಹಂಗೂ ಇಲ್ಲ. ಯಾವದೋ ದೇಶದ ಪ್ರಧಾನಿ ಕುರ್ಚಿ ಕಳಕೊಂಡದ್ದಕ್ಕ ನಮ್ಮ ಅಂಗಳದಾಗ ಎರಡು ದಿನ ವಾದ ನಡದಿತ್ತು. ಪಾಪ, ಆ ಪ್ರಧಾನಿಗೆ ಅದು ಗೊತ್ತಾಗಲೇ ಇಲ್ಲ. ಆ ಊರಾಗ ಭಾಳ ಚಹಾ ಕಳಕೊಂಡಾಂವ ನಾನ.

ಮುಂದ ನಾ ಗೋಕಾಕದ ಕಾಲೇಜಿನ್ಯಾಗ ಇತಿಹಾಸ ಹೇಳೂ ಮಾಸ್ತರ ಆದೆ. ಹೋದ ಸಲ ಗಡಿಯಾಗ ಗದ್ದಲ ಎದ್ದಿದ್ದ ದಿನದಾಗ, ಯುದ್ಧ ಬೇಕೋ ಬ್ಯಾಡೋ ಅಂತ ಚರ್ಚೆಗೆ ರೇಡಿಯೋದವ್ರು ಕರದ್ರು. ಹಳ್ಳಿ ಹಿರಿಯರೊಬ್ರನ್ನೂ ಕರಕೊಂಡ ಬರ್ರಿ ಅಂದ್ರು. ಕಾಕಾನ ಮಗ ಸಿದ್ದಪ್ಪ ಮಿಲಿಟರಿಯೊಳಗ, ಆಗ ಆ ಗಡಿಯಾಗ ಇದ್ದ. ಬಸ್ಸಿನ್ಯಾಗ ಕಾಕಾ ದಾರಿಗುಂಟ ಒಂದ ಮಾತು ಹದ ಮಾಡಿದ: "ಯುದ್ಧ ಬ್ಯಾಡ ಅನ್ನಂಗಿಲ್ಲೋ ತಮ್ಮಾ ನಾ. ನಮ್ಮ ಮನಿಯಿಂದ ಸಿದ್ದಪ್ಪ ಹೋಗ್ಯಾನ. ಬೇಕು ಅನ್ನಾವ್ರ ಮನಿಯಿಂದ ಯಾರು ಹೋಗ್ಯಾರ? ಇಷ್ಟ ಕೇಳ್ತೇನಿ."

ರೇಡಿಯೋ ಸ್ಟೇಶನ್ನಿನ್ಯಾಗ ಕಾಕಾ ಕುರ್ಚಿ ಮ್ಯಾಲ ಕಂಬಳಿ ಹಾಸಿ ಕುಂತ. ಒಬ್ಬ ವಕೀಲ್ರು ಬಂದಿದ್ರು. ಅವರು ಸುರು ಮಾಡಿದ್ರು, ನಾ ನಡುವ ನುಗ್ಗಿದೆ, ಅವರು ನನ್ನ ಮ್ಯಾಲ ಏರಿ ಬಂದ್ರು. ಕಾಕಾ ಬಾಯಿ ತಗಿಯಾಂವ, ಇನ್ನೂ ಯಾರೋ ಮಾತಾಡಾಕತ್ತಾರಂತ ಮುಚ್ಚಾಂವ. ಒಬ್ಬರ ಮಾತು ಮುಗೀಲಿ ಅಂತ ಅಂವ ಕಾದ. ಮುಗೀಲೇ ಇಲ್ಲ. ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಹೊಡೀಬೇಕು, ನುಗ್ಗಬೇಕು ಅಂತ ಗಂಟಲಾ ಹರಕೊಂಡು ಒದರಿದೆ. ನಾ ಕಾಲೇಜಿನ ಮೆಟ್ಟಲಾ ಹತ್ತಿದ್ರ ತೇಕ್ತೇನಿ, ನಾ ನುಗ್ಗಾಂವ!

ಕಡೀಕ ನಿರೂಪಕ ಅಂದ: "ಹಿರಿಯರು ಸುಮ್ಮನಿದ್ದಾರೆ. ಅಂದರೆ ಹಳ್ಳಿ ಜನರಿಗೂ ಯುದ್ಧ ಒಪ್ಪಿಗೆ ಅಂತಾಯಿತು!" ಎಲ್ಲಾರೂ ನಕ್ರು. ನಾನೂ ನಕ್ಕೆ. ಈಗ ಗೊತ್ತಾತಿಲ್ರಿ, ಸಿಟ್ಟು ಯಾರ ಮ್ಯಾಲ ಅಂತ?

ಮನ್ಯಾಗ ಕಾಕಿ ರೇಡಿಯೋ ಮುಂದ ಕುಂತಕಿ ಎದ್ದಿರಲೇ ಇಲ್ಲ. "ನನ್ನ ಮಗನ್ನ ಕೊಡಾಕ ಊರ ಮುಂದ ಹೂಂ ಅಂದು ಬಂದ್ರೇನ್ರಿ?" ಅಂತ ಕಾಕಾನ ಕೇಳಿದ್ಲು. ಅಂವ ರೇಡಿಯೋ ಬಂದ್ ಮಾಡಿದ. ಬಾಗಲತನಕ ನನ್ನ ಕಳಸಾಕ ಬಂದು ಹೆಗಲ ಮ್ಯಾಲಿನ ಕಂಬಳಿ ನನ್ನ ಕೈಯಾಗ ಇಟ್ಟ. "ಅವರಿಗೆ ನಮ್ಮ ರೀತಿ ಗೊತ್ತಿರಲಿಲ್ಲ ತಮ್ಮಾ. ನಿನಗ ಗೊತ್ತಿತ್ತಲ್ಲ?"

ಸಿದ್ದಪ್ಪ ಚಂದಾಗಿ ತಿರುಗಿ ಬಂದ, ದೇವರ ದಯಾ. ಕಾಕಾ ಈಗೂ ಕುರಿ ಕಾಯ್ತಾನ. ಆದ್ರ ವಾರ್ತೆ ಹಚ್ಚಂಗಿಲ್ಲ, ಅಂಗಳದಾಗ ಏನೂ ಹಾಸಂಗಿಲ್ಲ. ಹಂತಾ ಮಾತುಗಾರನ ಬಾಯಿಗೆ ಕೀಲಿ ಹಾಕಿದಾಂವ ವಕೀಲನೂ ಅಲ್ಲ, ನಿರೂಪಕನೂ ಅಲ್ಲ.

ಬರೋಬ್ಬರಿ ಹತ್ತು ನಿಮಿಷಕ್ಕ ಫೋನ್ ಮತ್ತ ಬಂತು. ಕಂಬಳಿ ಬಿಸಲಾಗ ಹಾಸಿದ್ದೆ. ಅದರ ಮ್ಯಾಲ ಕುಂತು ಎತ್ತಿದೆ.

"ಚರ್ಚೆಗೆ ನಾ ಬರಂಗಿಲ್ರಿ. ಅವತ್ತಿನ ಹಿರಿಯರು ಒಂದು ಮಾತು ಕೇಳೂದಿತ್ತು, ಅದನ್ನ ಕೇಳ್ತೇನಿ."

"ಸರ್, ಅದು ಹಳೇ ವಿಷಯ, ಈಗ ನಾವು..."

"ನಡುವ ಬಾಯಿ ಹಾಕಬ್ಯಾಡ್ರಿ! ನಮ್ಮ ಮನಿಯಿಂದ ಸಿದ್ದಪ್ಪ ಹೋಗಿದ್ದ. ಯುದ್ಧ ಬೇಕು ಅನ್ನಾವ್ರ ಮನಿಯಿಂದ ಯಾರು ಹೋಗ್ಯಾರ್ರಿ?"

ಫೋನ್ ಕಿವಿಗೆ ಹಿಡಕೊಂಡು ನಾ ಕಂಬಳಿ ಬಿಟ್ಟು ಎದ್ದು ನಿಂತೆ. ಈಗ ಅವರ ಪಾಳಿ.