ಇದ್ದಿಲು ಬಸ್ಸಿನಲ್ಲಿ ಬಂದ ಓಟಗಾರ

ಯುದ್ಧದ ಕಾಲ, ಬಟ್ಟೆಗೆ ಬರ, ಪೆಟ್ರೋಲಿಗೂ ಬರ; ಬಸ್ಸು ಓಡುತ್ತಿದ್ದುದೇ ಇದ್ದಿಲಿನಿಂದ. ತಳಿಯಿಂದ ಗುಮ್ಮಳಾಪುರದವರೆಗೆ ಓಡಿ ಗೆದ್ದವನಿಗೆ ಒಂದು ಮಿಲ್ ಪಂಚೆ ಬಹುಮಾನ. ನಡುದಾರಿಯಲ್ಲಿ ಓಟಗಾರರನ್ನು ಕಾಯುವ ತೀರ್ಪುಗಾರ ನಾನು. ನಿಂತು ನಿಂತು ಬೇಜಾರಾಗಿ ಇದ್ದಿಲು ಬಸ್ಸು ಹತ್ತಿದರೆ, ಹೂವಿನ ಕುಕ್ಕೆಗಳ ನಡುವೆ ಗೋಣಿ ಹೊದ್ದು ಕೂತಿದ್ದಾನೆ, ಓಟಗಾರ ಮುನಿಯಪ್ಪ!

"ಏನ್ಲಾ, ಕಾಲಿಗೆ ರಜಾನಾ?"

"ಸುಮ್ಕಿರಣ್ಣೋ. ಗೆದ್ರೆ ಊರೆಲ್ಲ ಹೊಗಳ್ತದೆ."

ಪಂಚೆಗೂ ಅಲ್ಲ, ಹೊಗಳಿಕೆಗೆ! ಥೂ, ಭಂಡ.

ಏರಿನಲ್ಲಿ ಬಸ್ಸು ನಿಂತಿತು. ಇದ್ದಿಲ ಒಲೆ ಹಿಂದುಗಡೆ ಇದ್ದುದರಿಂದ ಬಸ್ಸಿನ ಬೆನ್ನೆಲ್ಲ ಮಸಿ. ಗಂಡಸರು ಇಳಿದು ತಳ್ಳಿದರು, ಮುನಿಯಪ್ಪನೂ ತಳ್ಳಿದ. ಆಮೇಲೆ ಊರಾಚೆ ಇಳಿದು, ಏದುಸಿರು ಬಿಡುತ್ತಾ ಮೊದಲಿಗನಾಗಿ ಓಡಿ ಬಂದ. ಹಾರ ಬಿತ್ತು. ದಾರಿಯುದ್ದಕ್ಕೂ ಓಡಿದ್ದ ತಿಮ್ಮ ಹರಕು ಪಂಚೆಯಲ್ಲಿ ಎರಡನೆಯವನಾಗಿ ಬಂದು ಕುಸಿದ.

"ಬಹುಮಾನಕ್ ಮುಂಚೆ ಅಂಗೈ ತೋರ್ಸಲಾ," ಅಂದೆ.

ಬಾಣಲೆ ತಳದಂಥ ಕಪ್ಪು! ಪಂಚೆ ತಿಮ್ಮನಿಗೆ ಹೋಯಿತು.

"ಅವ್ನೂ ಬಸ್ಸಲ್ಲೇ ಬಂದ, ಅವನ್ ಕೈಯೂ ನೋಡ್ರಲಾ!" ಎಂದು ಮುನಿಯಪ್ಪ ನನ್ನತ್ತ ಬೆರಳು ಮಾಡಿ ಅರಚಿದ.

ಎರಡೂ ಅಂಗೈ ಎತ್ತಿ ತೋರಿಸಿದೆ. ಸ್ವಚ್ಛ. ಜನ ಚಪ್ಪಾಳೆ ತಟ್ಟಿ, ಮೋಸ ತಡೆಯಲು ಪ್ರತಿ ವರ್ಷ ನಾನೇ ತೀರ್ಪುಗಾರನಾಗಬೇಕು ಅಂದರು.

ಏರಿನಲ್ಲಿ ನಾನು ಸೀಟು ಬಿಟ್ಟು ಎದ್ದೇ ಇರಲಿಲ್ಲ.