ಅಪ್ಪನ ಅರ್ಧ ಇಂಚು

ನಮ್ಮಪ್ಪನಿಗೆ ಎಲ್ಲದಕ್ಕೂ ಅಳತೆ ಬೇಕು, ತಮ್ಮ ಕೋಪವೊಂದನ್ನು ಬಿಟ್ಟು. ಎರಡನೇ ಮಹಾಯುದ್ಧಕ್ಕೆ ಮುಂಚೆ ಹೋಳೂರಿನಲ್ಲಿ ಹೊಸ ಮನೆ ಕಟ್ಟಿಸುವಾಗ, ಬಾಗಿಲ ಚೌಕಟ್ಟಿಗೆಂದು ಕೋಲಾರದ ಡಿಪೋದಿಂದ ನಾಲ್ಕು ಇಂಚು ದಪ್ಪದ ಮರ ತಂದರು. ಆಚಾರಿ ಉಜ್ಜಿ ನುಣುಪು ಮಾಡಿದ ಮೇಲೆ ಅಳೆದರೆ ಮೂರೂವರೆ!

"ಏನ್ಲಾ, ನನ್ನ ಅರ್ಧ ಇಂಚು ಎಲ್ಲೋಯ್ತು?"

"ನಾಲ್ಕಿಂಚು ಅನ್ನೋದು ಡಿಪೋ ಲೆಕ್ಕ ಯಜಮಾನ್ರೇ. ಉಜ್ಜಿದ್ಮೇಲೆ ಎಲ್ಲರ ಮನೇಲೂ ಮೂರೂವರೇನೇ," ಎಂದ ಆಚಾರಿ.

ಅಪ್ಪ ಒಪ್ಪುವುದುಂಟೇ? ಉಜ್ಜಿದಾಗ ಉದುರಿದ ಮರದ ಸುರುಳಿಗಳನ್ನೆಲ್ಲ ಬಾಚಿ ಗೋಣಿಚೀಲಕ್ಕೆ ತುಂಬಿಸಿದರು. ಡಿಪೋದವನ ಮುಂದೆ ಸುರಿದು ನ್ಯಾಯ ಕೇಳಬೇಕಂತೆ. ಒಂದು ಚೀಲ ಸಾಲದೆ ಎರಡಾಯಿತು. ಅದನ್ನು ನೋಡಿ ಅವರ ಪಿತ್ತ ಇನ್ನೂ ನೆತ್ತಿಗೇರಿತು.

"ಅರ್ಧ ಇಂಚು ಅಂತೀಯ, ಎರಡು ಮೂಟೆ ಆಗೈತಲ್ಲೋ!"

ಮರುದಿನ ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿಸಿ, ರುಮಾಲು ಸುತ್ತಿಕೊಂಡು ನೋಡಿದರೆ ಚೀಲಗಳೆರಡೂ ಖಾಲಿ. ಅಪ್ಪನ ಅಬ್ಬರಕ್ಕೆ ಎತ್ತುಗಳೇ ಬೆಚ್ಚಿದವು. ಬಚ್ಚಲಲ್ಲಿ ಹಂಡೆಯ ಒಲೆ ಊದುತ್ತಿದ್ದ ಅಮ್ಮ ಮಾತ್ರ ಅಲ್ಲಿಂದಲೇ ಕೂಗಿದಳು:

"ನಿಮ್ಮ ಅರ್ಧ ಇಂಚು ಚೆನ್ನಾಗಿ ಕಾದೈತೆ, ಬಂದು ನೀರು ಹುಯ್ಕೊಳ್ಳಿ!"