ಅಮ್ಮನ ಕಿವಿಗೆ ತಡವಾಗಿ ಬಂದ ಜೋಕು

ಗೆಳೆಯರೇ, ಟಿವಿಗೆ ಜೋಡಿಸಿದ ಕಂಪ್ಯೂಟರಿನಿಂದ ಹಾಲ್‌ನ ಸ್ಪೀಕರಿಗೂ ಕಿವಿ ಮಂದವಾದ ಅಮ್ಮನ ಬ್ಲೂಟೂತ್ ಹೆಡ್‌ಫೋನಿಗೂ ಒಟ್ಟಿಗೇ ಧ್ವನಿ ಬರಲೆಂದು ಇಂದು ಜಯನಗರದ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದೆ. ಧ್ವನಿ ಬಂತು, ಆದರೆ ಹೆಡ್‌ಫೋನಿಗೆ ತುಸು ತಡವಾಗಿ. ಹಾಸ್ಯ ಕಾರ್ಯಕ್ರಮ ನೋಡುತ್ತ ನಾವೆಲ್ಲ ನಕ್ಕಾಗ ಅಮ್ಮ ಮುಖ ಗಂಟಿಕ್ಕಿದರು.

"ನನ್ ನೋಡಿ ನಗ್ತಿದ್ದೀರಾ?"

"ಅಯ್ಯೋ, ಜೋಕಿಗೆ ನಕ್ಕಿದ್ದಮ್ಮ."

"ನಿಮಗೆಲ್ಲ ಬಿಸಿಬಿಸಿ, ನನಗೆ ಮಾತ್ರ ತಂಗಳು!" ಎಂದು ಹೆಡ್‌ಫೋನ್ ಕಿತ್ತೆಸೆದರು.

ಅಂಗಡಿಯವನು, "ಬ್ಲೂಟೂತ್ ಅಂದ್ರೆ ಹಂಗೇ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ನನಗೆ ಮೈ ಉರಿಯಿತು. ನಾನು ಚಿಕ್ಕವನಿದ್ದಾಗ ಹಾಲ್‌ನ ರೇಡಿಯೋದಿಂದ ಅಪ್ಪ ಅಡುಗೆಮನೆಯ ಸ್ಪೀಕರಿಗೆ ಒಂದು ವೈರ್ ಎಳೆದಿದ್ದರು. ಅಮ್ಮ ಒಲೆಯ ಮುಂದೆ ನಿಂತೇ ನಮ್ಮ ಜೊತೆ ನಗುತ್ತಿದ್ದರು. ಅಷ್ಟೂ ಮಾಡಲಾರದ ಕಂಪ್ಯೂಟರ್ ಇದು!

ಅಮ್ಮನನ್ನು ಬೇಡಿಕೊಂಡು ಮತ್ತೆ ಕೂರಿಸಿದ್ದೇವೆ. ಈಗ ಅಮ್ಮ ನಗುವ ತನಕ ಈ ಮನೆಯಲ್ಲಿ ಯಾರೂ ನಗುವಂತಿಲ್ಲ.